ಹಗುರ ಗಂಟು, ತೆರೆದ ದಾರಿ

ಒಬ್ಬರು ಬಳಸಿ ಬಿಟ್ಟ ಅಂಗಿ, ಸೀರೆ, ಪುಸ್ತಕ, ಪಾತ್ರೆಗಳನ್ನು ಕಡಿಮೆ ಬೆಲೆಗೆ ಹುಡುಕಿ ಕೊಳ್ಳುವುದು. ಅದೇ ದಿನ ಗೆಳೆಯರೆಲ್ಲ ಕೂಡಿ, ಮೊದಲೇ ಗೊತ್ತುಮಾಡಿಕೊಳ್ಳದೆ, ಯಾವುದೋ ಊರಿನ ದಾರಿ ಹಿಡಿಯುವುದು. ಬೆಂಗಳೂರು, ಪುಣೆ, ಹುಬ್ಬಳ್ಳಿಗಳಲ್ಲಿ ಓದುವ, ದುಡಿಯುವ ಯುವಜನ ಮೊದಲನೆಯದನ್ನು ಥ್ರಿಫ್ಟ್ ಎಂದೂ ಎರಡನೆಯದನ್ನು ರೋಡ್ ಟ್ರಿಪ್ ಎಂದೂ ಕರೆಯುತ್ತಾರೆ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಆ ಹೆಸರುಗಳಿಲ್ಲದಿದ್ದರೂ ಸಂಗತಿ ಹಳೆಯದು. ಸಂತೆಯ ಅಂಚಿನಲ್ಲಿ ತಾಡಪತ್ರಿಯ ಮೇಲೆ ಸುರಿದ ಹಳೆ ಅರಿವಿಯ ರಾಶಿ, ಶಾಲೆ ಶುರುವಾಗುವ ಹೊತ್ತಿಗೆ ಅರ್ಧ ಬೆಲೆಗೆ ಕೈ ಬದಲಿಸುವ ಪುಸ್ತಕ, ಹಳೆ ಸೀರೆ ಕೊಟ್ಟರೆ ಸ್ಟೀಲಿನ ಭಾಂಡೆ ಕೊಟ್ಟು ಹೋಗುವ ಓಣಿಯ ವ್ಯಾಪಾರ, ಗುಜರಿ ಅಂಗಡಿ, ಸೆಕೆಂಡ್ ಹ್ಯಾಂಡ್ ಬೈಕು, ಇವೆಲ್ಲ ಇಲ್ಲಿಯ ಬದುಕಿಗೆ ಒಗ್ಗಿಹೋಗಿವೆ. ನಾಲ್ಕು ಮಂದಿ ಸೇರಿದರೆ ಕ್ರೂಸರ್ ಗಾಡಿ ಹಿಡಿದು ಬಾದಾಮಿಗೋ ಕೂಡಲಸಂಗಮಕ್ಕೋ ಗೋಕಾಕ ಜಲಪಾತಕ್ಕೋ ಹೊರಟುಬಿಡುವುದೂ ಹೊಸದಲ್ಲ. ಇದನ್ನು ನೋಡಿ ಮನೆಯ ಹಿರಿಯರು ಎರಡು ಮಾತು ಹೇಳುತ್ತಾರೆ: ಮಂದಿ ಉಟ್ಟದ್ದನ್ನು ಉಡಬಾರದು, ಕೆಲಸವಿಲ್ಲದೆ ಅಡ್ಡಾಡಬಾರದು. ಎರಡೂ ಮಾತುಗಳ ಹಿಂದೆ ಧರ್ಮದ ಭಾರವಿದೆ. ಹಾಗಾಗಿ ಧರ್ಮದ ನೆಲೆಯಲ್ಲಿಯೇ ಕೇಳಬೇಕಾದ ಪ್ರಶ್ನೆ ಇದು: ಹಳೆಯದನ್ನು ಕೊಂಡು, ಗೊತ್ತಿಲ್ಲದ ದಾರಿಯಲ್ಲಿ ಗೆಳೆಯರೊಂದಿಗೆ ಕಳೆದ ದಿನ ಅಪರಿಗ್ರಹದ, ಅಂದರೆ ಬೇಕಾದದ್ದಕ್ಕಿಂತ ಹೆಚ್ಚನ್ನು ಹಿಡಿದಿಟ್ಟುಕೊಳ್ಳದಿರುವುದರ, ಹತ್ತಿರದ್ದೋ, ಅಥವಾ ಆಸೆಯೇ ಅಗ್ಗದ ವೇಷ ತೊಟ್ಟು ಬಂದದ್ದೋ?

ನನ್ನ ವಾದ ಇಷ್ಟು. ಹಳೆ ಬಟ್ಟೆ ಮತ್ತು ಮೊದಲೇ ಗೊತ್ತುಮಾಡದ ಪ್ರಯಾಣ ಇವೆರಡೂ ಈ ನಾಡಿನ ಧರ್ಮಪರಂಪರೆಗಳಲ್ಲಿ ಜೊತೆಜೊತೆಗೇ ನಡೆದು ಬಂದಿವೆ, ಏಕೆಂದರೆ ಗಂಟು ಹಗುರಾದವರಿಗೇ ದಾರಿ ತೆರೆದಿರುತ್ತದೆ. ಎರಡನ್ನೂ ಧರ್ಮವಾಗಿಸುವುದು ನಾವು ಮೊದಲೇ ಹಾಕಿಕೊಂಡ ಮಿತಿ. ಆ ಮಿತಿ ಇದ್ದಲ್ಲಿ ಇಂಥ ದಿನವನ್ನು ಹಿರಿಯರು ಆಡಿಕೊಳ್ಳಬೇಕಾಗಿಲ್ಲ. ಅದು ಇಲ್ಲದಲ್ಲಿ ಬೆಲೆ ಎಷ್ಟೇ ಕಡಿಮೆಯಿರಲಿ, ಅದನ್ನು ಮಿತವ್ಯಯ ಎಂದು ಕರೆಯಲು ಬರುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಲು ಮುಧೋಳದವರು ದೂರ ಹೋಗಬೇಕಾಗಿಲ್ಲ. ಕ್ರಿ.ಶ. 949ರಲ್ಲಿ ಇಲ್ಲಿ ಹುಟ್ಟಿದ ರನ್ನ ಬಳೆಗಾರರ ಮನೆಯವನು. ಬಳೆಗಾರಿಕೆ ಊರೂರು ತಿರುಗುವ ಕಸುಬು. ಹೆಗಲ ಮೇಲೆ ಹೊರುವಷ್ಟೇ ಸರಕು, ಕಾಲು ಹೋದಷ್ಟೇ ದಾರಿ. ಆ ಮನೆಯ ಹುಡುಗ ವಿದ್ಯೆಯ ಹಂಬಲದಿಂದ ದಕ್ಷಿಣಕ್ಕೆ ನಡೆದು, ಶ್ರವಣಬೆಳಗೊಳದಲ್ಲಿ ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯ ಪಡೆದ. 993ರಲ್ಲಿ ಅವನು ಮುಗಿಸಿದ 'ಅಜಿತಪುರಾಣ'ಕ್ಕೆ ಆಶ್ರಯದಾತೆ ಅತ್ತಿಮಬ್ಬೆ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆಕೆ ತನ್ನ ಸಂಪತ್ತನ್ನು ದಾನದ ಮೂಲಕ ಹಗುರ ಮಾಡಿಕೊಂಡವಳು. ಇಬ್ಬರೂ ಜೈನ ಶ್ರಾವಕ, ಅಂದರೆ ಸಂಸಾರಿಗಳ, ಧರ್ಮದವರು; ಆ ಧರ್ಮ ಇಂದಿಗೂ ತೇರದಾಳದ ನೇಮಿನಾಥ ಬಸದಿಯಲ್ಲಿ, ಜಮಖಂಡಿ, ರಬಕವಿ ಸುತ್ತಿನ ಮನೆಗಳಲ್ಲಿ ಜೀವಂತವಾಗಿದೆ. ಸನ್ಯಾಸಿಗೆ ಎಲ್ಲವನ್ನೂ ಬಿಡಲು ಹೇಳಿದ ಈ ಧರ್ಮ ಸಂಸಾರಿಗೆ ಅಳತೆ ಕಲಿಸಿತು. ಹಾಗಾಗಿ ಪೇಟೆಗೆ ಹೋಗಿ ಕೊಳ್ಳುವ, ದಾರಿ ಹಿಡಿದು ತಿರುಗುವ ಸಾಮಾನ್ಯರ ಬಗ್ಗೆ ಅದು ಇಷ್ಟು ವಿವರವಾಗಿ ಯೋಚಿಸಿದೆ ಎಂಬುದನ್ನು ನೋಡಿದರೆ ಬೆರಗಾಗುತ್ತದೆ.

ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ' ಸಂಸಾರಿಗೆ ಹೇಳುವ ಮೂರು ಗುಣವ್ರತಗಳನ್ನೇ ತೆಗೆದುಕೊಳ್ಳಿ. ಒಂದು ದಿಗ್‌ವ್ರತ: ಯಾವ ದಿಕ್ಕಿಗೆ ಎಲ್ಲಿಯವರೆಗೆ ಹೋಗಬಹುದು ಎಂದು ಹೊಳೆ, ಕಾಡು, ಬೆಟ್ಟಗಳನ್ನು ಗಡಿಯಾಗಿ ಇಟ್ಟುಕೊಳ್ಳುವುದು. ಇನ್ನೊಂದು ಅನರ್ಥದಂಡ ವ್ರತ: ಉಪಯೋಗವಿಲ್ಲದ ಹಿಂಸೆ, ಉಪಯೋಗವಿಲ್ಲದ ಚಟುವಟಿಕೆಗಳನ್ನು ಬಿಡುವುದು. ಮತ್ತೊಂದು ಭೋಗೋಪಭೋಗ ಪರಿಮಾಣ: ಅನುಭವಿಸುವ ವಸ್ತುಗಳಿಗೆ ಲೆಕ್ಕ ಕಟ್ಟಿಕೊಳ್ಳುವುದು. ಈ ಕೊನೆಯದರಲ್ಲಿ ಒಂದು ಸೂಕ್ಷ್ಮ ವಿಂಗಡಣೆಯಿದೆ. ಊಟದ ಹಾಗೆ ಒಮ್ಮೆ ಅನುಭವಿಸಿದರೆ ಮುಗಿದುಹೋಗುವುದು ಒಂದು ಬಗೆ, ಬಟ್ಟೆಯ ಹಾಗೆ ಮತ್ತೆ ಮತ್ತೆ ಬಳಸಬೇಕಾದದ್ದು ಇನ್ನೊಂದು ಬಗೆ. ಬಟ್ಟೆ ಮರಳಿ ಬಳಸುವ ವಸ್ತು ಎಂದು ಶಾಸ್ತ್ರವೇ ಹೇಳಿಬಿಟ್ಟಿದೆ. ಅದನ್ನು ಊಟದ ಹಾಗೆ ಒಂದೆರಡು ಸಲ ತೊಟ್ಟು ಎಸೆಯುವುದೆಂದರೆ ಎರಡನೆಯ ಬಗೆಯ ವಸ್ತುವನ್ನು ಮೊದಲನೆಯ ಬಗೆಗೆ ಎಳೆದು ತಂದಂತೆ. ಇಂದಿನ ಅಗ್ಗದ ಸಿದ್ಧ ಉಡುಪಿನ ವ್ಯಾಪಾರ ನಿಂತಿರುವುದು ಇದೇ ತಪ್ಪಿನ ಮೇಲೆ. ಒಂದು ಹತ್ತಿಯ ಟೀ ಶರ್ಟ್ ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. ಬೇಸಿಗೆಯಲ್ಲಿ ಘಟಪ್ರಭೆಯ ನೀರಿಗಾಗಿ ಕಾಯುವ ಊರುಗಳಲ್ಲಿ ಈ ಅಂಕಿಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗಿರುವಾಗ ಆ ಅಂಗಿ ಇನ್ನೊಬ್ಬರ ಮೈ ಮೇಲೆ ಮತ್ತೆರಡು ವರ್ಷ ಬಾಳಿದರೆ ಅದು ತನ್ನ ಸ್ವಭಾವಕ್ಕೆ ತಕ್ಕಂತೆ ಬಾಳಿದಂತೆಯೇ ಆಯಿತು.

ಬೌದ್ಧ ವಿನಯದ ಗ್ರಂಥಗಳು ಇದನ್ನೇ ಇನ್ನೂ ಗಟ್ಟಿಯಾಗಿ ಹೇಳುತ್ತವೆ. ಮೊದಲ ಭಿಕ್ಷುಗಳು ಉಟ್ಟದ್ದು ಕಸದ ಗುಂಡಿಯಲ್ಲಿ, ಸ್ಮಶಾನದಲ್ಲಿ ಸಿಕ್ಕ ಚಿಂದಿಗಳನ್ನು ಹೊಲಿದು ಮಾಡಿದ ಚೀವರ. ಮುಂದೆ ವೈದ್ಯ ಜೀವಕನ ಬೇಡಿಕೆಯ ಮೇಲೆ ಗೃಹಸ್ಥರು ಕೊಟ್ಟ ಬಟ್ಟೆಗೂ ಅನುಮತಿ ಸಿಕ್ಕಿತು; ಆದರೂ ತುಂಡು ತುಂಡಾಗಿ ಕತ್ತರಿಸಿ ಹೊಲಿಯುವ ಕ್ರಮ ಬಿಡಲಿಲ್ಲ. ಮಗಧದ ಬದುಗಳಿರುವ ಗದ್ದೆಗಳನ್ನು ತೋರಿಸಿ ಬುದ್ಧ ಅದೇ ಮಾದರಿಯಲ್ಲಿ ಚೀವರ ಹೊಲಿಯಲು ಶಿಷ್ಯ ಆನಂದನಿಗೆ ಹೇಳಿದನೆಂದು ಅಲ್ಲಿ ಬರುತ್ತದೆ. ಇನ್ನೊಂದು ಪ್ರಸಂಗ ಕೌಶಾಂಬಿಯದು. ರಾಜ ಉದಯನನ ರಾಣಿಯರು ಆನಂದನಿಗೆ ಐನೂರು ಬಟ್ಟೆಗಳನ್ನು ಕೊಟ್ಟರು. ಇಷ್ಟನ್ನು ಏನು ಮಾಡುತ್ತೀರಿ ಎಂದು ರಾಜ ಅಸಮಾಧಾನದಿಂದ ಕೇಳಿದ. ಬಟ್ಟೆ ಸವೆದ ಭಿಕ್ಷುಗಳಿಗೆ ಹಂಚುತ್ತೇವೆ ಎಂದ ಆನಂದ. ಆಮೇಲೆ ರಾಜ ಒಂದೊಂದೇ ಹೆಜ್ಜೆ ಮುಂದೆ ಕೇಳುತ್ತ ಹೋದ: ಹಳೆಯವನ್ನು ಏನು ಮಾಡುತ್ತೀರಿ? ಹಾಸಿಗೆಯ ಹೊದಿಕೆ. ಅದು ಹಳೆಯದಾದರೆ? ನೆಲದ ಹಾಸು. ಅದೂ ಸವೆದರೆ? ಕಾಲೊರಸು. ಕೊನೆಗೆ ಚಿಂದಿಯಾದದ್ದನ್ನು ಮಣ್ಣಿನಲ್ಲಿ ಕಲಸಿ ನೆಲಕ್ಕೆ ಬಳಿಯುತ್ತೇವೆ. ರಾಜನ ಅಸಮಾಧಾನ ಗೌರವವಾಗಿ ತಿರುಗಿತು. ಈ ಪ್ರಸಂಗದ ತಿರುಳು ಬರೀ ಉಳಿತಾಯವಲ್ಲ. ಐನೂರು ಬಟ್ಟೆ ತೆಗೆದುಕೊಂಡದ್ದಕ್ಕಾಗಿ ಆನಂದ ಲೋಭಿಯಾಗಲಿಲ್ಲ, ಏಕೆಂದರೆ ಯಾವುದೂ ಅವನಲ್ಲಿ ನಿಲ್ಲಲಿಲ್ಲ; ಎಲ್ಲವೂ ಅವನ ಕೈಯಿಂದ ಮುಂದಕ್ಕೆ ಹರಿಯಿತು. ಮಮಕಾರವೇ ಪರಿಗ್ರಹ ಎಂದು ಜೈನರ 'ತತ್ತ್ವಾರ್ಥಸೂತ್ರ' ಹೇಳುವುದೂ ಇದನ್ನೇ. ವಸ್ತುವಿನ ಬೆಲೆಯಾಗಲಿ ಹೊಸತನವಾಗಲಿ ಪರಿಗ್ರಹವನ್ನು ತೀರ್ಮಾನಿಸುವುದಿಲ್ಲ, ಹಿಡಿತ ತೀರ್ಮಾನಿಸುತ್ತದೆ.

ಇನ್ನು ದಾರಿಯ ಮಾತು. ಚಿಂದಿಯ ಚೀವರ ಉಟ್ಟವರೇ ಊರಿಂದೂರಿಗೆ ತಿರುಗಿದವರು ಎಂಬುದು ಕಾಕತಾಳೀಯವಲ್ಲ. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಜೈನ ಮುನಿ ಒಂದೆಡೆ ನೆಲೆ ನಿಲ್ಲುವಂತಿಲ್ಲ. ವಿಹಾರ ಅವರ ಬದುಕಿನ ಕ್ರಮ. ದಿಗಂಬರ ಮುನಿ ಆಹಾರಕ್ಕೆ ಹೊರಟಾಗ ಯಾವ ಮನೆಯ ಮುಂದೆ ನಿಲ್ಲುತ್ತಾರೆಂದು ಊರಿಗೆ ಗೊತ್ತಿರುವುದಿಲ್ಲ. ಅವರು ಮನಸ್ಸಿನಲ್ಲಿಟ್ಟುಕೊಂಡ ನಿಯಮ ಕೂಡಿಬಂದರೆ ಆಹಾರ, ಇಲ್ಲದಿದ್ದರೆ ಉಪವಾಸ. ಗಂಟು ಇದ್ದವನು ಹೀಗೆ ಬದುಕಲಾರ. ಗಂಟಿಗೆ ಕಾವಲು ಬೇಕು, ಕಾವಲಿಗೆ ಕೋಣೆ ಬೇಕು, ಕೋಣೆಗೆ ಬೀಗ ಬೇಕು; ಅಲ್ಲಿಗೆ ದಾರಿ ಮುಚ್ಚಿತು. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದ ಅಕ್ಕಮಹಾದೇವಿ ಅರಮನೆಯ ಜೊತೆಗೆ ಉಡುಗೆಯನ್ನೂ ಬಿಟ್ಟು ಹೊರಟವಳು. ಮನೆ ಬಿಟ್ಟು ಕೂಡಲಸಂಗಮಕ್ಕೆ ಬಂದ ಬಸವಣ್ಣ, ಎಲ್ಲಿಯೂ ನೆಲೆ ನಿಲ್ಲದ ಅಲ್ಲಮ, ಇವರ ಬದುಕಿನಲ್ಲಿಯೂ ಬಿಡುವುದು ಮತ್ತು ಹೊರಡುವುದು ಒಂದೇ ಕ್ರಿಯೆಯ ಎರಡು ಮುಖ. ಇವರು ಯಾರೂ ಮೋಜಿಗೆ ಹೊರಟವರಲ್ಲ, ನಿಜ. ಆದರೆ ಇವರ ಬದುಕು ಒಂದು ಕಾರ್ಯಕಾರಣ ಸಂಬಂಧವನ್ನು ತೋರಿಸಿಕೊಡುತ್ತದೆ. ಎಷ್ಟು ಕಡಿಮೆಯಲ್ಲಿ ಸಾಕಾಗುತ್ತದೆಯೋ ಅಷ್ಟು ಬೇಗ ಎದ್ದು ಹೊರಡಬಹುದು. ಈ ಸತ್ಯ ಸಂತರಿಗೆ ಪೂರ್ಣವಾಗಿ ಒದಗುತ್ತದೆ, ನಮಗೆ ಒಂದು ದಿನದ ಮಟ್ಟಿಗೆ ಒದಗುತ್ತದೆ. ಅಳತೆ ಬೇರೆಯಾದರೂ ಸತ್ಯ ಅದೇ.

ಸಂಸಾರಿಗಳು ಇದನ್ನು ತಮ್ಮ ಅಳತೆಯಲ್ಲಿ ಬದುಕಿ ತೋರಿಸಿದ್ದಕ್ಕೆ ನಮ್ಮ ಸೀಮೆಯಲ್ಲಿಯೇ ಎರಡು ಸಾಕ್ಷಿಗಳಿವೆ. ಒಂದು ಕೌದಿ. ಅಜ್ಜಿಯ ಇಳಕಲ್ಲ ಸೀರೆ, ಅಪ್ಪನ ಧೋತರ, ಮಕ್ಕಳ ಅಂಗಿ ಎಲ್ಲ ಸವೆದ ಮೇಲೆ ಪದರ ಪದರವಾಗಿ ಕೂಡಿಸಿ, ಒತ್ತೊತ್ತಾಗಿ ಹೊಲಿಗೆ ಹಾಕಿ ಹೊದಿಕೆ ಮಾಡುವ ವಿದ್ಯೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳದು. ದಸರೆಗೆ ಮುಂಚೆ ಮನೆಯ ಕೌದಿಗಳನ್ನೆಲ್ಲ ಹೊಳೆಗೆ ಒಯ್ದು ಒಗೆದು ಘಟ ಹಾಕುವ ಮನೆಯನ್ನು ಸಿದ್ಧಮಾಡುತ್ತಾರೆ. ಚಿಂದಿಯಿಂದ ಹುಟ್ಟಿದ ಹೊದಿಕೆ ದೇವಿಯ ಹಬ್ಬಕ್ಕೆ ಮಡಿಯಾಗಿಯೇ ಬರುತ್ತದೆ. ಇನ್ನೊಂದು ಶ್ರೀಶೈಲದ ಪಾದಯಾತ್ರೆ. ಯುಗಾದಿಯ ಹೊತ್ತಿಗೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಮಲ್ಲಯ್ಯನ ಕಂಬಿ ಹೊತ್ತು ಜನ ಗುಂಪು ಗುಂಪಾಗಿ ನಡೆಯುತ್ತಾರೆ. ಹೆಗಲಿಗೆ ಒಂದು ಚೀಲ, ಜೊತೆಗೆ ಊರಿನ ಗೆಳೆಯರು. ಊಟ, ನೆರಳು, ಮಜ್ಜಿಗೆ ದಾರಿಯ ಊರಿನವರ ದಾಸೋಹ. ಇವತ್ತು ಎಲ್ಲಿ ಉಣ್ಣುತ್ತೇವೆ ಎಂದು ಬೆಳಿಗ್ಗೆ ಗೊತ್ತಿಲ್ಲದೆ ನಡೆಯುವುದನ್ನು ಯಾವ ಹಿರಿಯರೂ ಅಡ್ಡಾಡುವುದು ಎಂದು ಬೈಯುವುದಿಲ್ಲ. ಗೊತ್ತಿಲ್ಲದಿರುವುದು ಅಲ್ಲಿ ಭರವಸೆಯ ಇನ್ನೊಂದು ಹೆಸರಾಗಿದೆ. ಹಾಗಾದರೆ ಮೊದಲೇ ಗೊತ್ತುಮಾಡದ ಪ್ರಯಾಣ ತಾನಾಗಿಯೇ ದೋಷವಲ್ಲ ಎಂದಾಯಿತು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಮಡಿಯದು. ಇನ್ನೊಬ್ಬರು ತೊಟ್ಟ ಬಟ್ಟೆ, ಮೆಟ್ಟಿದ ಪಾದರಕ್ಷೆ, ಮುಡಿದ ಮಾಲೆಗಳನ್ನು ಧರಿಸಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಉಟ್ಟವರ ಪಾಪ, ಪೀಡೆ ಬಟ್ಟೆಯೊಂದಿಗೆ ಬರುತ್ತದೆ ಎಂಬ ನಂಬಿಕೆ ಇಂದಿಗೂ ಹಲವರಲ್ಲಿದೆ. ಆದರೆ ನಮ್ಮ ಆಚರಣೆಗಳೇ ಈ ನಿಯಮವನ್ನು ಮೀರಿ ನಡೆದಿವೆ. ದೇವಿಗೆ ಉಡಿಸಿದ ಸೀರೆಯನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಡುತ್ತೇವೆ. ಹುಟ್ಟಿದ ಕೂಸನ್ನು ಮೆತ್ತಗಿರಲೆಂದು ಹಳೆ ಸೀರೆಯಲ್ಲಿಯೇ ಸುತ್ತುತ್ತೇವೆ. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವುದು ಇನ್ನೊಬ್ಬ ರೈತನ ಕೈಯಿಂದಲೇ. ಹೊಲ, ಬಂಗಾರ, ಬಾವಿ ಯಾವುದೂ ಹೊಸದಾಗಿ ಹುಟ್ಟಿ ಬರುವುದಿಲ್ಲ. ಇವುಗಳಲ್ಲಿ ಬಾರದ ಮೈಲಿಗೆ ಒಗೆದು ಒಣಗಿಸಿದ ಅಂಗಿಯಲ್ಲಿ ಮಾತ್ರ ಹೇಗೆ ಬಂದೀತು? ಪ್ರಸಾದದ ಸೀರೆಯನ್ನು ಪವಿತ್ರಗೊಳಿಸುವುದು ಅದು ಬಂದ ಕೈಯ ಮೇಲಿನ ಪ್ರೀತಿ ಮತ್ತು ಗೌರವ. ಅಂದರೆ ಬಟ್ಟೆಗೆ ಅಂಟುವುದು ಸಂಬಂಧದ ಗುಣ. ಉಟ್ಟವರನ್ನು ಕೀಳೆಂದು ಬಗೆದವರಿಗೆ ಅವರ ಬಟ್ಟೆಯೂ ಕೀಳು. ಉಟ್ಟವರೂ ನಮ್ಮಂಥ ಮನುಷ್ಯರೆಂದು ಬಗೆದವರಿಗೆ ಅದು ಬರೀ ಬಟ್ಟೆ. ಭಗವದ್ಗೀತೆಯೂ ಹಳೆ ಬಟ್ಟೆಯನ್ನು ಕಳಚಿ ಹೊಸದನ್ನು ಉಡುವ ಹೋಲಿಕೆ ಕೊಡುತ್ತದಲ್ಲ ಎಂದು ಕೆಲವರು ಕೇಳಬಹುದು. ಗೀತೆ ಅಲ್ಲಿ ಹೇಳುವುದು ನಿಜವಾಗಿಯೂ ಜೀರ್ಣವಾದದ್ದರ ಬಗ್ಗೆ. ಪಕ್ಕದವನಿಗೆ ಹೊಸ ದೇಹ ಬಂತೆಂದು ಯಾವ ಆತ್ಮವೂ ತನ್ನ ದೇಹವನ್ನು ನಡುವಿನಲ್ಲಿ ಎಸೆಯುವುದಿಲ್ಲ. ಬೇಸರವಾಯಿತೆಂದು ಬಿಸಾಡುವ ಚಾಳಿಗೆ ಆ ಶ್ಲೋಕದಲ್ಲಿ ಆಸರೆ ಸಿಗುವುದಿಲ್ಲ.

ಎರಡನೆಯ ಆಕ್ಷೇಪ ಮೊದಲನೆಯದಕ್ಕಿಂತ ಬಹಳ ಗಂಭೀರವಾದದ್ದು. ಅದೇ ಮನುಸ್ಮೃತಿ ಶೂದ್ರ ಸೇವಕರಿಗೆ ಎಂಜಲು ಅನ್ನ, ಹಳೆ ಬಟ್ಟೆಗಳನ್ನು ಕೊಡಬೇಕೆನ್ನುತ್ತದೆ. ಚಂಡಾಲರಿಗೆ ಸತ್ತವರ ಬಟ್ಟೆಯನ್ನು ನಿಗದಿ ಮಾಡುತ್ತದೆ. ಈ ದೇಶದಲ್ಲಿ ಲಕ್ಷಾಂತರ ಜನರಿಗೆ ಹಳೆ ಬಟ್ಟೆ ಆಯ್ಕೆಯಾಗಿ ಬರಲಿಲ್ಲ, ಅಪಮಾನವಾಗಿ ಬಂತು. ಗೌಡರ ಮನೆಯ ಹಬ್ಬದಲ್ಲಿ ಹರಿದ ಧೋತರಕ್ಕಾಗಿ ಕೈಯೊಡ್ಡಿ ನಿಂತವರ ಮೊಮ್ಮಕ್ಕಳು ಇಂದು ಹೊಚ್ಚ ಹೊಸ ಅಂಗಿಯನ್ನೇ ತೊಡುತ್ತೇವೆ ಎಂದರೆ ಅದು ಆಡಂಬರವಲ್ಲ, ಮಾನದ ಮಾತು. ಹಳೆ ಬಟ್ಟೆಯನ್ನು ಧರ್ಮವೆಂದು ಹೊಗಳುವವರು ಈ ಇತಿಹಾಸದ ಮುಂದೆ ತಲೆ ಬಾಗಿಸಿಯೇ ಮಾತಾಡಬೇಕು. ಇಲ್ಲಿ ದಾರಿ ತೋರಿಸುವವರು ಅಂಬೇಡ್ಕರ್. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟ ಆ ದಿನಗಳಲ್ಲಿಯೇ ಅವರು ಸೇರಿದ್ದ ಹೆಣ್ಣುಮಕ್ಕಳೊಂದಿಗೆ ಉಡುಗೆಯ ಬಗ್ಗೆ ಮಾತಾಡಿದರು. ಬಟ್ಟೆಗೆ ತೇಪೆ ಇದ್ದರೆ ಚಿಂತೆಯಿಲ್ಲ, ಅದು ಸ್ವಚ್ಛವಾಗಿರಲಿ. ಏನನ್ನು ಉಡಬೇಕೆಂದು ನಿಮಗೆ ಕಟ್ಟು ಹಾಕಲು ಯಾರಿಗೂ ಹಕ್ಕಿಲ್ಲ ಎಂಬುದು ಅವರ ಮಾತಿನ ಸಾರ. ತೇಪೆಯಲ್ಲಿ ಅಪಮಾನವಿಲ್ಲ, ಹೇರಿಕೆಯಲ್ಲಿದೆ. ಆದ್ದರಿಂದ ಹಳೆಯದನ್ನು ಬಳಸುವುದು ಧರ್ಮವಾಗಬೇಕಾದರೆ ಅದನ್ನು ಉಳ್ಳವರು ಮೊದಲು ತಮ್ಮ ಮೈ ಮೇಲೆ ಮಾಡಿ ತೋರಿಸಬೇಕು. ತಾವು ಉಡಲಾರದ್ದನ್ನು ಕೆಲಸದವರಿಗೆ ಕೊಟ್ಟು ದಾನ ಎನ್ನುವುದು ಹಳೆಯ ಅಪಮಾನದ ಮುಂದುವರಿಕೆ ಮಾತ್ರ. ಎಲ್ಲರೂ ಒಂದೇ ರಾಶಿಯ ಮುಂದೆ ಕೂತು, ದುಡ್ಡು ಕೊಟ್ಟು, ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುವ ಸಂತೆ ಆ ದಾನಕ್ಕಿಂತ ಎಷ್ಟೋ ಮೇಲು, ಏಕೆಂದರೆ ಅಲ್ಲಿ ಕೊಳ್ಳುವವರಿಗೆ ಆಯ್ಕೆಯಿದೆ.

ಮೂರನೆಯ ಆಕ್ಷೇಪ ರಬಕವಿ-ಬನಹಟ್ಟಿಯಿಂದಲೇ ಬರುತ್ತದೆ. ಇದು ನೇಕಾರರ ಊರು. ಕೈಮಗ್ಗ, ವಿದ್ಯುತ್ ಮಗ್ಗಗಳ ಸದ್ದಿನ ಮೇಲೆ ಸಾವಿರಾರು ಮನೆಗಳ ಒಲೆ ಉರಿಯುತ್ತದೆ. ಎಲ್ಲರೂ ಹಳೆ ಬಟ್ಟೆ ಕೊಳ್ಳತೊಡಗಿದರೆ ನೇಕಾರ ಏನು ಮಾಡಬೇಕು? ಕಾಯಕವನ್ನೇ ಪೂಜೆಯೆಂದು ನಂಬಿದ ನಾಡಿನಲ್ಲಿ ಒಬ್ಬರ ಮಿತವ್ಯಯ ಇನ್ನೊಬ್ಬರ ಕಾಯಕವನ್ನು ಕಸಿಯಬಹುದೇ? ಈ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಆದರೆ ನೇಕಾರನ ಸೀರೆಯನ್ನು ಪೇಟೆಯಿಂದ ಹೊರದೂಡಿದ್ದು ಯಾರು ಎಂದು ನೋಡಬೇಕು. ಒಂದು ಸೀರೆಯನ್ನು ಇಪ್ಪತ್ತು ವರ್ಷ ಉಟ್ಟು, ಮಗಳಿಗೆ ಕೊಟ್ಟು, ಕೊನೆಗೆ ಕೌದಿ ಮಾಡಿದ ತಲೆಮಾರು ನೇಕಾರನಿಗೆ ತಕ್ಕ ಬೆಲೆ ಕೊಡುತ್ತಿತ್ತು, ಏಕೆಂದರೆ ಬಾಳಿಕೆಯ ಬೆಲೆ ಅದಕ್ಕೆ ಗೊತ್ತಿತ್ತು. ನಾಲ್ಕು ಸಲ ತೊಳೆದರೆ ಬಣ್ಣ ಬಿಡುವ, ಎಲ್ಲಿಯೋ ರಾಶಿಯಲ್ಲಿ ತಯಾರಾಗುವ ಅಗ್ಗದ ಉಡುಪು ಆ ತಿಳಿವನ್ನು ಹಾಳು ಮಾಡಿತು. ನೇಕಾರನಿಗೂ ಕೌದಿ ಹೊಲಿಯುವವಳಿಗೂ ವೈರಿ ಒಂದೇ. ಹಾಗಿದ್ದರೂ ಕೊಳ್ಳುವುದು ಕಡಿಮೆಯಾದರೆ ನೇಯುವುದೂ ಕಡಿಮೆಯಾಗುತ್ತದೆ ಎಂಬ ಮಾತಿನಲ್ಲಿ ನಿಜವಿದೆ. ಅದಕ್ಕಾಗಿಯೇ ಮಿತವ್ಯಯಕ್ಕೆ ಎರಡನೆಯ ಅರ್ಧವೊಂದು ಬೇಕು. ಹಳೆಯದರಲ್ಲಿ ಉಳಿಸಿದ ದುಡ್ಡು ಇನ್ನಷ್ಟು ಹಳೆಯದಕ್ಕೆ ಹೋಗದೆ, ವರ್ಷಕ್ಕೊಂದಾದರೂ ಮಗ್ಗದ ಬಟ್ಟೆಗೆ, ನೇಕಾರ ಕೇಳಿದ ಬೆಲೆಗೆ ಹೋಗಬೇಕು. ಕಾಯಕ, ದಾಸೋಹಗಳನ್ನು ಶರಣರು ಬಿಡಿಸಿ ನೋಡಲಿಲ್ಲ. ಉಳಿಸುವುದನ್ನೂ ಸಲ್ಲಿಸುವುದನ್ನೂ ನಾವು ಬಿಡಿಸಬಾರದು.

ನಾಲ್ಕನೆಯ ಆಕ್ಷೇಪ ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಅಗ್ಗದಲ್ಲಿ ಆಸೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಸಾವಿರ ರೂಪಾಯಿಯ ಒಂದು ಅಂಗಿಯ ಮುಂದೆ ಯೋಚಿಸುವವರು ಐವತ್ತು ರೂಪಾಯಿಯ ಹತ್ತು ಅಂಗಿಗಳ ಮುಂದೆ ಯೋಚಿಸುವುದಿಲ್ಲ. ಮನೆಗೆ ಬಂದ ಹತ್ತರಲ್ಲಿ ಎಂಟು ಕಪಾಟಿನಲ್ಲಿ ಕೊಳೆಯುತ್ತವೆ, ಕೊಂಡವರು ತಾವು ಉಳಿಸಿದೆವೆಂದು ತೃಪ್ತಿಪಡುತ್ತಾರೆ. ಇದಕ್ಕೆ ಉತ್ತರ ಆಯ್ದಕ್ಕಿ ಲಕ್ಕಮ್ಮನಲ್ಲಿದೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಆಕೆಯ ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅದಕ್ಕೆ ಬೆಲೆ ಕೊಟ್ಟಿರಲಿಲ್ಲ, ಅದನ್ನು ಕದ್ದಿರಲಿಲ್ಲ, ಅದು ಹೇಗೂ ನೆಲಕ್ಕೆ ಬಿದ್ದಿದ್ದ ಅಕ್ಕಿ. ಆದರೂ ಲಕ್ಕಮ್ಮ ಹೆಚ್ಚಿನದನ್ನು ಬಿದ್ದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಬಡವಿಯಾಗಿಯೂ ಅವಳು ನೋಡಿದ್ದು ಬೆಲೆಯನ್ನಲ್ಲ, ಅಗತ್ಯವನ್ನು. ಪುಕ್ಕಟೆ ಸಿಕ್ಕರೂ ಅಗತ್ಯ ಮೀರಿದ್ದು ಆಸೆಯೇ ಎಂದು ಆಕೆ ತೀರ್ಪು ಕೊಟ್ಟಳು. ಇಂದು ಉಳ್ಳವರ ಮಕ್ಕಳು ಮೋಜಿಗಾಗಿ ಸಂತೆಯ ರಾಶಿಯಿಂದ ಒಳ್ಳೆಯವನ್ನೆಲ್ಲ ಎತ್ತಿಕೊಂಡರೆ, ಅದೇ ರಾಶಿಯನ್ನು ನಂಬಿ ಸಂಜೆ ಬರುವ ಕಬ್ಬು ಕಡಿಯುವವಳಿಗೆ ಏನು ಉಳಿಯುತ್ತದೆ? ಲಕ್ಕಮ್ಮನ ಲೆಕ್ಕದಲ್ಲಿ ಆ ಹೆಚ್ಚಿನ ಪಾಲು ಇನ್ನೊಬ್ಬರದು. ಇಲ್ಲಿ ಭೋಗೋಪಭೋಗ ಪರಿಮಾಣದ ಬುದ್ಧಿವಂತಿಕೆ ಕಾಣುತ್ತದೆ. ಲೆಕ್ಕವನ್ನು ಅಂಗಡಿಯಲ್ಲಿ ಮಾಡಲು ಆಗುವುದಿಲ್ಲ, ಅಲ್ಲಿ ಕಣ್ಣು ಮುಂದಾಗಿ ಬುದ್ಧಿ ಹಿಂದಾಗುತ್ತದೆ. ಲೆಕ್ಕ ಹೊಸ್ತಿಲ ಒಳಗೇ ಆಗಬೇಕು.

ಐದನೆಯ ಆಕ್ಷೇಪ ಪ್ರಯಾಣಕ್ಕೆ ಸೇರಿದ್ದು, ಮತ್ತು ಅದು ನಾನು ಆಧಾರವಾಗಿ ಹಿಡಿದ ಶಾಸ್ತ್ರದಿಂದಲೇ ಬರುತ್ತದೆ. ಸಮಂತಭದ್ರರು ಅನರ್ಥದಂಡದಲ್ಲಿ ಪ್ರಮಾದಚರ್ಯೆ ಎಂಬುದನ್ನು ಎಣಿಸುತ್ತಾರೆ: ಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕೀಳುವುದು, ಕೊನೆಗೆ ಸುಮ್ಮನೆ ತಿರುಗುವುದು ಮತ್ತು ತಿರುಗಿಸುವುದು. ಗೆಳೆಯರ ಹಠಾತ್ ಪ್ರಯಾಣ ಇದೇ ಅಲ್ಲವೇ? ಬಹಳ ಸಲ ಇದೇ. ಪೆಟ್ರೋಲ್ ಸುಟ್ಟು, ಸ್ಪೀಕರ್ ಹಚ್ಚಿ, ಪ್ಲಾಸ್ಟಿಕ್ ಬಾಟಲಿಗಳನ್ನು ಚಿಕ್ಕಸಂಗಮದ ದಂಡೆಗೆ ಎಸೆದು, ಅಲ್ಲಿ ಚಳಿಗಾಲಕ್ಕೆ ಬಂದ ಹಕ್ಕಿಗಳನ್ನು ಎಬ್ಬಿಸಿ ಬರುವ ಪ್ರಯಾಣ ಆ ಪಟ್ಟಿಗೆ ಸರಿಯಾದ ಉದಾಹರಣೆ. ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ: ಮಣ್ಣು, ನೀರು, ಬೆಂಕಿ, ಗಿಡಗಳಿಗೆ ಆಗುವ ಹಾನಿಯ ಸಾಲಿನಲ್ಲಿ ತಿರುಗಾಟವನ್ನು ಇಟ್ಟಿದ್ದಾರೆ. ಅಲ್ಲಿ ದೋಷವೆನಿಸಿದ್ದು ಎಚ್ಚರಗೇಡಿತನ. ಯೋಜನೆ ಇಲ್ಲದ್ದೆಲ್ಲ ಎಚ್ಚರವಿಲ್ಲದ್ದಲ್ಲ. ವರ್ಷದ ಮುಂಚೆಯೇ ಟಿಕೆಟ್ ಮಾಡಿಸಿ ಹೋದವರು ಕಣ್ಣು ಮುಚ್ಚಿಕೊಂಡು ಬರಬಹುದು. ಬೆಳಿಗ್ಗೆ ಹೊರಟ ಗೆಳೆಯರು ಐಹೊಳೆಯ ಮೇಗುತಿ ಬೆಟ್ಟದಲ್ಲಿ 634ರ ರವಿಕೀರ್ತಿಯ ಶಾಸನವಿರುವ ಜೈನ ಗುಡಿಯನ್ನೂ ಅದೇ ಬೆಟ್ಟದ ಬೌದ್ಧ ಚೈತ್ಯವನ್ನೂ ನೋಡಿ, ಎರಡು ಧರ್ಮಗಳು ಒಂದೇ ಬಂಡೆಯನ್ನು ಹಂಚಿಕೊಂಡ ರೀತಿಯನ್ನು ಅರಿತು ಬರಬಹುದು. ಅಂಥ ದಿನ ಅನರ್ಥವಲ್ಲ, ಅದು ಅರ್ಥವನ್ನೇ ತಂದಿದೆ.

ಇಲ್ಲಿಯೇ ದಿಗ್‌ವ್ರತದ ಆಳ ತಿಳಿಯುತ್ತದೆ. ಹೊರನೋಟಕ್ಕೆ ಅದು ಕಟ್ಟುಪಾಡು. ಆದರೆ ಗ್ರಂಥ ಅದಕ್ಕೊಂದು ದೊಡ್ಡ ಫಲವನ್ನು ಹೇಳುತ್ತದೆ: ಗಡಿ ಹಾಕಿಕೊಂಡ ಸಂಸಾರಿಯ ಚಿಕ್ಕ ವ್ರತಗಳು ಆ ಗಡಿಯ ಆಚೆಗಿನ ಲೋಕದ ಮಟ್ಟಿಗೆ ಮುನಿಯ ಮಹಾವ್ರತಗಳಿಗೆ ಸಮನಾಗುತ್ತವೆ. ಆಚೆಗೆ ಅವನ ಆಸೆ ಹೋಗುವುದಿಲ್ಲ, ಅವನಿಂದ ಹಿಂಸೆಯೂ ಹೋಗುವುದಿಲ್ಲ. ದೇಶಾವಕಾಶಿಕ ಎಂಬ ಇನ್ನೊಂದು ವ್ರತ ಈ ಗಡಿಯನ್ನು ಒಂದು ದಿನದ ಮಟ್ಟಿಗೂ ಹಾಕಿಕೊಳ್ಳಬಹುದು ಎನ್ನುತ್ತದೆ: ಇವತ್ತು ಈ ಊರಿನವರೆಗೆ, ಈ ಹೊಳೆಯವರೆಗೆ. ಇವತ್ತು ಮಲಪ್ರಭೆ ದಾಟುವುದಿಲ್ಲ ಎಂದು ಗೊತ್ತುಮಾಡಿಕೊಂಡ ಗೆಳೆಯರಿಗೆ ಮಲಪ್ರಭೆಯ ಈಚೆಗೆ ಯಾವ ತಿರುವು ತೆಗೆದುಕೊಂಡರೂ ಸರಿಯೇ. ಎಲ್ಲಿಯಾದರೂ ನಿಲ್ಲಬಹುದು, ಯಾರೊಂದಿಗಾದರೂ ಮಾತಾಡಬಹುದು, ಹೊಲದ ಬದುವಿನಲ್ಲಿ ಕೂತು ಅಕಸ್ಮಾತ್ತಾಗಿ ಸಿಕ್ಕ ಊರಿನ ರೊಟ್ಟಿ ಉಣ್ಣಬಹುದು. ಇನ್ನೂ ಮುಂದೆ, ಇನ್ನೂ ಮುಂದೆ ಎಂಬ ಹಪಹಪಿ ಗಡಿಯಲ್ಲಿ ನಿಂತುಹೋಗುವುದರಿಂದ ಒಳಗಿನದೆಲ್ಲ ಕಣ್ಣಿಗೆ ಬೀಳುತ್ತದೆ. ಕೊಳ್ಳುವುದರಲ್ಲಿಯೂ ಹೀಗೆಯೇ. ಒಂದೇ ಅಂಗಿ ಎಂದು ಗೊತ್ತುಮಾಡಿಕೊಂಡವರು ರಾಶಿಯನ್ನೆಲ್ಲ ತಿರುವಿ, ಬಟ್ಟೆಯ ಹದ ನೋಡಿ, ಗೆಳೆಯರ ಮಾತು ಕೇಳಿ ಆರಿಸುವ ಸಂತೋಷ, ಹತ್ತನ್ನು ಚೀಲಕ್ಕೆ ತುಂಬಿಕೊಂಡವರಿಗೆ ಸಿಗುವುದಿಲ್ಲ. ಮಿತಿ ಸಂತೋಷವನ್ನು ಕಡಿಮೆ ಮಾಡುತ್ತದೆ ಎಂಬುದು ವ್ಯಾಪಾರಿಯ ಉಪದೇಶ. ಮಿತಿಯೊಳಗೆ ಸಂತೋಷ ಬೆಳೆಯುತ್ತದೆ ಎಂಬುದು ವ್ರತಿಗಳ ಅನುಭವ.

ಇನ್ನು ಗೆಳೆಯರ ಮಾತು ಉಳಿಯಿತು. ವ್ರತವನ್ನು ಒಬ್ಬರೇ ಹಿಡಿಯುವುದು ಕಷ್ಟ, ಕೂಡಿ ಹಿಡಿಯುವುದು ಸುಲಭ. ಅದಕ್ಕಾಗಿಯೇ ಬುದ್ಧ ಸಂಘ ಕಟ್ಟಿದ, ಶರಣರು ಅನುಭವ ಮಂಟಪದಲ್ಲಿ ಕೂಡಿದರು. ಬೇಡದ್ದನ್ನು ಎತ್ತಿಕೊಂಡಾಗ ಇದು ನಿನಗೆ ಬೇಕೇನು ಎಂದು ಕೇಳುವ ಗೆಳತಿ ಲಕ್ಕಮ್ಮನ ಕೆಲಸವನ್ನೇ ಮಾಡುತ್ತಾಳೆ. ಒಂದೇ ಗಾಡಿಯಲ್ಲಿ ಎಂಟು ಮಂದಿ ಹೋದರೆ ಇಂಧನವೂ ಎಂಟರಲ್ಲಿ ಒಂದು ಪಾಲು. ಒಬ್ಬನ ಅಂಗಿ ಇನ್ನೊಬ್ಬನಿಗೆ, ಒಬ್ಬಳ ಪುಸ್ತಕ ಇನ್ನೊಬ್ಬಳಿಗೆ ದಾಟುವ ಗುಂಪಿನಲ್ಲಿ ಆನಂದ ಉದಯನನಿಗೆ ಹೇಳಿದ ಸರಪಳಿ ತಾನಾಗಿಯೇ ನಡೆಯುತ್ತದೆ.

ಮನೆಯ ಹಿರಿಯರಲ್ಲಿ ನನ್ನ ಕೋರಿಕೆ ಇದು: ಮಕ್ಕಳು ಹಳೆ ಅಂಗಿ ತಂದರೆ, ಗೊತ್ತಿಲ್ಲದ ದಾರಿ ಹಿಡಿದರೆ ಧರ್ಮ ಕೆಟ್ಟಿತೆಂದು ತಿಳಿಯಬೇಡಿ. ಈ ನೆಲದ ಧರ್ಮಗಳು ಚಿಂದಿ ಉಟ್ಟು ದಾರಿ ನಡೆದವರಿಂದಲೇ ಬೆಳೆದು ಬಂದಿವೆ. ಕಿರಿಯರಲ್ಲಿ ಕೋರಿಕೆ ಇದು: ಅಗ್ಗವನ್ನು ಅಪರಿಗ್ರಹವೆಂದು ನಂಬಿ ಮೋಸಹೋಗಬೇಡಿ. ಹೊರಡುವ ಮುಂಚೆ ಎಷ್ಟು ಕೊಳ್ಳುತ್ತೇನೆ, ಎಲ್ಲಿಯವರೆಗೆ ಹೋಗುತ್ತೇನೆ ಎಂದು ಗೆಳೆಯರ ಮುಂದೆ ಬಾಯಿಬಿಟ್ಟು ಹೇಳಿ. ತಂದಷ್ಟನ್ನು ಮನೆಯಿಂದ ಇನ್ನೊಬ್ಬರಿಗೆ, ಒಗೆದು ಮಡಿಸಿ, ಮಾನದಿಂದ ದಾಟಿಸಿ. ಉಳಿದ ದುಡ್ಡಿನಲ್ಲಿ ಒಂದು ಪಾಲು ರಬಕವಿ-ಬನಹಟ್ಟಿಯ ಮಗ್ಗಕ್ಕೆ ಸಲ್ಲಲಿ. ಇಷ್ಟು ಮಾಡಿದರೆ ಆ ದಿನ ವ್ರತದ ದಿನವೇ, ಅದಕ್ಕೆ ಯಾವ ಪುರೋಹಿತರ ಒಪ್ಪಿಗೆಯೂ ಬೇಕಾಗಿಲ್ಲ.